ಗಾಳಿ ಕುಡಿಯುವ ಗಿಂಡಿ

ಇನ್ನೂ ಬಾರದ ಒಂದಾನೊಂದು ಕಾಲದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಹೂವಿನಕೊಪ್ಪ ಎಂಬ ಊರಿತ್ತು. ಆ ಊರಲ್ಲಿ ಹಿತ್ತಲಿಗೊಂದು ಮಲ್ಲಿಗೆ ಕಂಟಿ, ಕಂಟಿಗೊಂದು ಗಿಂಡಿ. ಗಿಂಡಿಗೆ ತೀರದ ಬಾಯಾರಿಕೆ. ಅದು ನೀರು ಕುಡಿಯುತ್ತಿರಲಿಲ್ಲ, ಹಾಲು ಕುಡಿಯುತ್ತಿರಲಿಲ್ಲ. ಗಾಳಿ ಕುಡಿಯುತ್ತಿತ್ತು. ಹಗಲೂ ಕುಡಿದು, ಇರುಳೂ ಕುಡಿದು, ಬೆಳಗ್ಗೆ ಮನೆಯಾಕೆ ಬಂದು ಬೆನ್ನ ಮೇಲಿನ ಗುಂಡಿ ಒತ್ತಿದಳೆಂದರೆ ಕೊಕ್ಕಿನಂಥ ಮೂತಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಲ್ಲಿಗೆ ಎಣ್ಣೆ, ಜೇನಿನ ಬಣ್ಣದ್ದು, ಒಂದು ಹನಿ ಸೆರಗಿಗೆ ತಾಕಿದರೆ ಎಷ್ಟು ಒಗೆದರೂ ಬಿಡದ್ದು.

ಅಜ್ಜಿಯರು ಹೇಳುವ ಕತೆಯಲ್ಲಾದರೆ ಇಂಥ ಗಿಂಡಿಯನ್ನು ಯಾವನೋ ಯಕ್ಷ ಕೊಟ್ಟಿರಬೇಕು. ಇದನ್ನು ಕೊಟ್ಟವಳು ಅದೇ ಊರಿನ ಹೂಗಾರರ ಮನೆಯ ಹುಡುಗಿ, ಹೈಮವತಿ.

ನಿಂಬೆಹುಲ್ಲನ್ನೋ ನೀಲಗಿರಿ ಎಲೆಯನ್ನೋ ಮನೆಯಲ್ಲೇ ಕುದಿಸಿ, ಹಬೆಯನ್ನು ತಣಿಸಿ, ಮೇಲೆ ತೇಲುವ ಎಣ್ಣೆಯನ್ನು ತೆಗೆದುಕೊಳ್ಳಬಹುದು. ಮಲ್ಲಿಗೆಗೆ ಆ ಬಿಸಿ ತಡೆಯದು. ಬೆಂದ ಸೊಪ್ಪಿನ ವಾಸನೆ ಹೊಡೆಯುತ್ತದೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೂತು ಹೈಮಾ ಹುಡುಕಿದ್ದು ಬಿಸಿಯೇ ಬೇಡದ ದಾರಿ. ಅವಳು ಬೆಳೆಸಿದ ಹರಳು ಬರಿಗಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತಿತ್ತು. ಒಳಗೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು, ಜೇನುಗೂಡಿನ ಹಾಗೆ, ಲೆಕ್ಕವಿಲ್ಲದಷ್ಟು. ಪರಿಮಳವೆಂದರೆ ಹೂವಿನಿಂದ ಹಾರಿ ಬರುವ ಅಣುಗಳು ತಾನೆ? ಆ ಅಣುಗಳ ಅಳತೆಗೆ ಸರಿಯಾಗಿ ಅವಳು ಕೋಣೆಗಳ ಬಾಗಿಲು ಮಾಡಿದ್ದಳು. ಒಳಗೆ ಹೋದ ಅಣು ಮತ್ತೆ ಹೊರಬರುವುದು ಹರಳನ್ನು ಚಹಾ ಲೋಟದಷ್ಟು ಬಿಸಿ ಮಾಡಿದಾಗಲೇ. ಗಿಂಡಿಯೊಳಗೆ ಹೂ ತುಂಬಬೇಕು, ಮುಚ್ಚಳ ಹಾಕಬೇಕು, ಒಂದು ರಾತ್ರಿ ಬಿಡಬೇಕು, ಅಷ್ಟೇ. ಹೂವನ್ನು ಬಾಡಿಸುವ ಅನಿಲವನ್ನೂ ಹರಳು ಹೀರಿಕೊಳ್ಳುತ್ತಿದ್ದುದರಿಂದ ಎಣ್ಣೆ ಕೊಟ್ಟ ಮೇಲೂ ಹೂ ನಳನಳಿಸುತ್ತಿತ್ತು. ಎಣ್ಣೆಗೆ ಎಣ್ಣೆ, ಮಾಲೆಗೆ ಮಾಲೆ.

ಹೀಗಿರುವಾಗ ಒಬ್ಬಾಕೆ ಮುಚ್ಚಳ ಹಾಕುವುದನ್ನು ಮರೆತಳು. ಹೂ ಹಾಕುವುದನ್ನೂ ಮರೆತಳು. ಬೆಳಗ್ಗೆ ಎದ್ದು ನೋಡಿದರೆ ಕಂಟಿಯ ಬುಡದಲ್ಲಿ ಬಾಯಿ ತೆರೆದು ಕೂತಿದ್ದ ಖಾಲಿ ಗಿಂಡಿ ತನ್ನ ಪಾಡಿಗೆ ತಾನು ಎಣ್ಣೆ ಮಾಡಿಟ್ಟಿತ್ತು! ಸುದ್ದಿ ಊರು ಸುತ್ತಲು ಒಂದು ಹಗಲು ಸಾಕಾಯಿತು. ಹೂ ಬಿಡಿಸುವ ಕೆಲಸವೂ ಇಲ್ಲವೆಂದ ಮೇಲೆ ಮುಚ್ಚಳ ಯಾರಿಗೆ ಬೇಕು? ಧಾರವಾಡದಲ್ಲಿ ಹೈಮಾ ಇದನ್ನು ಕೇಳಿ ಹಿಗ್ಗಿದಳು. ಜನರೇ ನಿಜವಾದ ವಿಜ್ಞಾನಿಗಳು ಎಂದು ಭಾಷಣ ಮಾಡಿದಳು. ಮುಂದಿನ ಗಿಂಡಿಗೆ ಬಾಯಿ ಇನ್ನಷ್ಟು ಅಗಲ ಮಾಡಿಸಿದಳು.

ಅದೆಲ್ಲ ಆಗಿ ವರ್ಷಗಳಾದ ಮೇಲೆ, ಒಂದು ಬೇಸಿಗೆಯ ದಿನ, ಸೋದರತ್ತೆ ದಾಕ್ಷಾಯಣಿಯ ಫೋನ್ ಬಂತು.

"ಹೈಮಿ, ನಿನ್ನ ಗಿಂಡಿ ಸತ್ತೈತಿ."

"ಸಾಯೂವಂಥಾದ್ದು ಅದರಾಗ ಏನಿಲ್ಲತ್ತಿ. ಹರಳು ತೊಳದೇನು?"

"ತೊಳದೇನಿ, ಬಿಸಲಿಗೆ ಇಟ್ಟೇನಿ, ಬೈದೇನಿ. ಒಂದು ಹನಿ ಬರವಲ್ಲದು. ಸಿಂಚನಾನ ಅರಿಷಿಣ ಮುಂದಿನ ವಾರ. ನೀ ಏನು ಮಾತು ಕೊಟ್ಟಿದ್ದಿ ನೆನಪೈತೋ, ಶಾಲು ಹೊದಿಸಿಕೊಳ್ಳೂ ಗದ್ದಲದಾಗ ಅದನ್ನೂ ಮರತಿಯೋ?"

ಮರೆತಿರಲಿಲ್ಲ. ಮುಂದೂಡಿದ್ದಳು, ಅಷ್ಟೇ. ಮೊದಲ ಗಿಂಡಿಯ ಪ್ರಯೋಗ ನಡೆದದ್ದು ಈ ಅತ್ತೆಯ ಹಿತ್ತಲಲ್ಲೇ. ಒಂದಿಡೀ ಸುಗ್ಗಿಯ ಹೂವನ್ನು ಅತ್ತೆ ಅವಳಿಗೆ ಸುರಿದಿದ್ದಳು. ಆ ವರ್ಷ ಊರ ದೇವರು ವೀರಭದ್ರನಿಗೆ ಪಕ್ಕದ ಊರಿನಿಂದ ಹೂ ತರಿಸಿ ಮಾಲೆ ಕಟ್ಟಿದ್ದಳು. "ನಮ್ಮ ಕಂಟಿಯದೊಂದು ಸೀಸೆ ನಿನಗೇ, ಅತ್ತಿ" ಎಂದಿದ್ದಳು ಹೈಮಾ. ಮೊದಲ ಸೀಸೆ ಪರೀಕ್ಷೆಗೆ ಹೋಯಿತು, ಎರಡನೆಯದು ಪ್ರದರ್ಶನಕ್ಕೆ. ಅತ್ತೆ ಬಾಯಿಬಿಟ್ಟು ಕೇಳಲಿಲ್ಲ. ಮೊಮ್ಮಗಳು ಸಿಂಚನಾ ಮದುಮಗಳಾಗಿ ಕೂರುವ ದಿನ ಅವಳ ಮೈಗೆ ಆ ಎಣ್ಣೆ ಎಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡಿದ್ದಳು.

ಹೈಮಾ ಮರುದಿನವೇ ಬಂದಳು. ಬಸ್ಸಿನಿಂದ ಇಳಿದಾಗಿನಿಂದಲೇ ಏನೋ ಸರಿಯಿಲ್ಲ ಅನ್ನಿಸಿತು. ಕದ ಹಾಕದೆ ಮನೆ ಬಿಟ್ಟು ಬಂದವರ ಹಾಗೆ ಒಳಗೊಳಗೇ ಕಸಿವಿಸಿ. ಸಾಲಾಗಿ ಹಿತ್ತಲುಗಳು. ಸಾಲಾಗಿ ಬೆಳ್ಳಗೆ ಬಿರಿದ ಕಂಟಿಗಳು. ಆದರೂ ಏನೋ ಇಲ್ಲ.

ಗಿಂಡಿ ಕೆಟ್ಟಿರಲಿಲ್ಲ. ಹರಳು ತೆಗೆದು ನೋಡಿದಳು, ಕನ್ನಡಿಯಷ್ಟು ಸ್ವಚ್ಛ. ಗಾಳಿಯಲ್ಲಿನ ಪರಿಮಳ ಅಳೆಯುವ ಕಡ್ಡಿಯೊಂದನ್ನು ತಂದಿದ್ದಳು. ಅದನ್ನು ಕಂಟಿಯ ನಡುವೆ ಹಿಡಿದರೂ ಮುಳ್ಳು ಅಲ್ಲಾಡಲಿಲ್ಲ. ಮುಚ್ಚಳ ಹಾಕಿದ ಗಿಂಡಿಯಲ್ಲಿ ಆಗ ತಾನೆ ಬಿಡಿಸಿದ ಮೊಗ್ಗು ತುಂಬಿ ರಾತ್ರಿಯಿಡೀ ಬಿಟ್ಟಳು. ಬೆಳಗ್ಗೆ ಮೂತಿ ಒಣ ಒಣ.

ಪಡಸಾಲೆಯಲ್ಲಿ ಅತ್ತೆ ದೇವರ ಮಾಲೆ ಕಟ್ಟುತ್ತಿದ್ದಳು. ಹೂಗಾರರ ಪದ್ಧತಿಯಂತೆ ಮೂಗು ಬಾಯಿ ಮುಚ್ಚುವ ಹಾಗೆ ಮಡಿಬಟ್ಟೆ ಕಟ್ಟಿಕೊಂಡಿದ್ದಳು. ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ಉಸಿರು ಕೂಡ ತಾಗಬಾರದು. ಹೈಮಾ ತಟ್ಟೆಗೆ ಕೈಹಾಕಿ ಒಂದು ಹೂವನ್ನು ಮೂಗಿಗೆ ಹಿಡಿದಳು.

ಅತ್ತೆ ಕೈಮೇಲೆ ಫಟ್ಟನೆ ಹೊಡೆದಳು. "ದೇವರ ಹೂ ಅದು! ಧಾರವಾಡಕ್ಕ ಹೋಗಿ ಬುದ್ಧಿ ಎಲ್ಲಾ ಅಡವಿಟ್ಟಿಯೇನ?"

"ಅತ್ತಿ, ಇದಕ್ಕ ವಾಸನಿನೇ ಇಲ್ಲ."

"ಏನು?"

"ಕಾಗದದ ಹೂ ಮೂಸಿದಂಗ ಐತಿ. ಯಾವಾಗಿಂದ ಹಿಂಗ?"

ಅತ್ತೆ ಕಟ್ಟುತ್ತಿದ್ದ ಮಾಲೆಯನ್ನು ತಟ್ಟೆಗಿಳಿಸಿದಳು. "ನನಗ್ಹೆಂಗ ಗೊತ್ತಾಗಬೇಕು? ನಾ ಎಂದಾದ್ರೂ ಮೂಸೀನೇನು? ಪೂಜಾರಿ ಮೂಸಂಗಿಲ್ಲ, ಭಕ್ತರು ಮೂಸಂಗಿಲ್ಲ. ಮುಡಿಯೋರು ಮ್ಯಾಲೊಂದು ಹನಿ ಎಣ್ಣಿ ಹಾಕ್ಕೊಂತಾರ."

ವೀರಭದ್ರನಿಗೆ ಮಾತ್ರ ಗೊತ್ತಿದ್ದಿರಬೇಕು. ಅವನು ಯಾರಿಗೂ ಹೇಳಲಿಲ್ಲ.

ಹೈಮಾಗೆ ಕಾರಣ ಹೊಳೆಯಲು ತಡವಾಗಲಿಲ್ಲ. ಹೊಳೆದ ಮೇಲೆ ನಿದ್ದೆ ಬರಲಿಲ್ಲ. ಊರ ತುಂಬ ಬಾಯಿ ತೆರೆದ ಗಿಂಡಿಗಳು. ಹಗಲೂ ಇರುಳೂ ಅವು ಗಾಳಿಯನ್ನು ಬರಿದು ಮಾಡುತ್ತಲೇ ಇವೆ. ಬಿರುಬಿಸಿಲಿಗೆ ಹರವಿದ ಒದ್ದೆ ಬಟ್ಟೆಯಿಂದ ನೀರು ಹಾರುವ ಹಾಗೆ, ಬರಿದಾದ ಗಾಳಿಗೆ ಎಳೆಮೊಗ್ಗಿನ ಸತ್ವವೆಲ್ಲ ಮೊದಲೇ ಒಸರಿ ಹೋಗುತ್ತಿದೆ. ಅರಳುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಗಿಂಡಿಗಳು ಹೆಚ್ಚಾದಷ್ಟೂ ಒಂದೊಂದಕ್ಕೆ ಸಿಗುವ ಪಾಲು ಕಡಿಮೆ. ಪಾಲು ಕಡಿಮೆಯಾದಷ್ಟೂ ಜನ ಇನ್ನೊಂದು ಗಿಂಡಿ ತರುತ್ತಾರೆ.

"ಯಾರದಾದ್ರೂ ಮನ್ಯಾಗಿನ ಎಣ್ಣಿ ಒಂದೀಟು ಇಸಗೊಂಡರ?" ಎಂದು ಸಿಂಚನಾ ಮೆಲ್ಲಗೆ ಕೇಳಿದಳು.

"ಅದರಾಗ ನಮ್ಮ ಕಂಟಿಯದಷ್ಟ ಇರ್ತೈತೇನು?" ಅತ್ತೆ ಸಿಡುಕಿದಳು. "ಮಂದೀ ಒಗ್ಗರಣಿ ಹೊಗಿ, ಮೋಟಾರಿನ ಹೊಗಿ, ಎಲ್ಲಾ ಕುಡದಿರ್ತೈತಿ. ಊರ ಎಂಜಲ ನನ್ನ ಮೊಮ್ಮಗಳ ಮೈಗೆ ಬ್ಯಾಡ."

ಹೈಮಾ ಕಂಟಿಯ ಸುತ್ತ ಪಾರದರ್ಶಕ ಹಾಳೆಯ ಡೇರೆ ಕಟ್ಟಿದಳು, ಊರ ಗಾಳಿ ಒಳಗೆ ಬಾರದಿರಲಿ ಎಂದು. ಆ ಬಿಸಿಲಿಗೆ ಡೇರೆಯ ಅರ್ಧಕ್ಕರ್ಧ ಮೊಗ್ಗು ಬೆಂದು ನೆಲಕ್ಕೆ ಉದುರಿತು. "ಮೊದಲು ಕುಡಿಸಿದಿ, ಈಗ ಕುದಿಸಿದಿ" ಎಂದಳು ಅತ್ತೆ. ಡೇರೆ ಬಿಚ್ಚಿದ ಮೇಲೆ ಉಳಿದದ್ದು ಒಂದೇ ದಾರಿ: ಓಣಿಯವರೆಲ್ಲ ಒಂದು ಹಗಲು, ಒಂದು ಸಂಜೆ ಮುಚ್ಚಳ ಹಾಕಬೇಕು. ಅರಳುವ ದಿನ ಶಾಂತವಾದ ಗಾಳಿ ಸಿಕ್ಕರೆ ಮೊಗ್ಗು ತನ್ನ ಪರಿಮಳವನ್ನು ತಾನೇ ಕೂಡಿಸಿಕೊಳ್ಳುತ್ತದೆ.

ಎದುರುಮನೆಯ ಚೈತ್ರಾ ಬಡಿಗೇರ ದಾವಣಗೆರೆಯಿಂದ ಮದುವೆಯಾಗಿ ಬಂದವಳು, ಚುರುಕು. ಅವಳ ಹಿತ್ತಲಲ್ಲಿ ಎರಡು ಗಿಂಡಿ. ಗಂಡ ಪ್ರವೀಣ ಮೂರನೆಯದನ್ನು ಮಾಳಿಗೆಯ ಮೇಲೆ ಕಟ್ಟಲು ಕಂಬ ನೆಡುತ್ತಿದ್ದ. ಹೈಮಾ ಅಣುಗಳಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ಚೈತ್ರಾ ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾರ, ನೀವು ಹೇಳೂದು ಖರೇ ಐತ್ರಿ. ನಾವು ಮುಚ್ಚತೀವಿ. ಬಾಜೂ ಮನಿಯವ್ರು ಮುಚ್ಚತಾರನ್ನೂದಕ್ಕ ಏನು ಗ್ಯಾರಂಟಿ? ನಮ್ಮ ಹೂವಿನ ವಾಸನಿ ಅವರ ಗಿಂಡ್ಯಾಗ ಬೀಳೂದು, ನಾವು ಕೈಕಟಗೊಂಡು ನೋಡೂದು?"

"ಅವರೂ ಇದನ್ನ ಅಂದರು."

"ನೋಡ್ರಿ ಮತ್ತ! ಅವರ ಮನಸಿನಾಗ ಏನೈತಿ ಅಂತ ಗೊತ್ತಾತಿಲ್ಲೋ?"

ಇಡೀ ಓಣಿಯಲ್ಲಿ ಇದೇ ಮಾತು, ಬೇರೆ ಬೇರೆ ಬಾಯಿಂದ. ಕೊನೆಯ ಮನೆ ಖಾಜಾಸಾಬ ಅತ್ತಾರರದು. ಅಜ್ಜನ ಕಾಲದಿಂದ ಅತ್ತರು ಮಾರಿಕೊಂಡು ಬಂದ ಮನೆತನ. ಗಿಂಡಿ ಬಂದ ಮೇಲೆ ಅಂಗಡಿಗೆ ಬೀಗ. ಮುದುಕ ಕಟ್ಟೆಯ ಮೇಲೆ ಕೂತಿದ್ದ.

"ನಮ್ಮ ಮನ್ಯಾಗ ಗಿಂಡಿ ಇಲ್ಲ ಬೇಟಿ, ನನಗೇನು ಮುಚ್ಚು ಅಂತಿ?" ಎಂದು ನಕ್ಕ. "ನಾ ಸಣ್ಣಾಂವ ಇದ್ದಾಗ ನಮ್ಮಪ್ಪ ಹೊಲದಾಗ ಬೋರು ಹಾಕಿಸಿದ. ಬಾಜೂದಾಂವ ಇನ್ನೊಂದೀಟು ಆಳಕ್ಕ ಹಾಕಿಸಿದ. ನಮ್ಮಪ್ಪ ಅವನಕಿಂತ ಆಳಕ್ಕ. ಕಡೀಕ ನೀರು ಎಲ್ಲಿ ಹೋತಪಾ ಅಂತ ಅಂವ ಇವನ್ನ ಕೇಳ್ತಿದ್ದ, ಇಂವ ಅವನ್ನ ಕೇಳ್ತಿದ್ದ. ಇಬ್ಬರೂ ಶಾಣ್ಯಾರ ಮತ್ತ!"

ಹೈಮಾ ಕಾಲೆಳೆಯುತ್ತ ಮನೆಗೆ ಬಂದಳು. ಅತ್ತೆ ಪಂಚಾಂಗದ ಹಾಳೆ ತಿರುವುತ್ತಿದ್ದಳು. ಬರುವ ಹುಣ್ಣಿಮೆಗೆ ಚಂದ್ರಗ್ರಹಣ. ಚಂದ್ರ ಮೂಡುವಾಗಲೇ ಹಿಡಿದಿರುತ್ತದೆ.

"ನಿನ್ನ ಮಾತು ಯಾರೂ ಕೇಳಲಿಲ್ಲ ಹೌದಿಲ್ಲೋ? ನೋಡೂಣು, ನಂದು ಕೇಳ್ತಾರೇನು" ಎಂದಳು.

ಮರುದಿನ ಬೆಳಗ್ಗೆ ಹೂವಿನ ಸಂತೆಯಲ್ಲಿ ಅತ್ತೆ ಒಬ್ಬಳ ಕಿವಿಯಲ್ಲಿ, ಒಬ್ಬಳದೇ ಕಿವಿಯಲ್ಲಿ, ಒಂದು ಮಾತು ಹೇಳಿದಳು: ಗ್ರಹಣದ ಗಾಳಿ ಕುಡಿದ ಎಣ್ಣೆ ತಲೆಗೆ ಹಚ್ಚಿದರೆ ಕೂದಲು ಕಿತ್ತು ಬರುತ್ತವಂತೆ. ಸಂಜೆಯ ಹೊತ್ತಿಗೆ ಅದೇ ಮಾತು ನಾಲ್ಕು ಕಡೆಯಿಂದ ವಾಪಸು ಅವಳ ಮನೆಗೇ ಬಂತು. ಅಷ್ಟರಲ್ಲಿ ಹುಬ್ಬೂ ಉದುರತೊಡಗಿದ್ದವು. ಧಾರವಾಡದಲ್ಲಿ ಯಾರೋ ಒಬ್ಬಾಕೆ ಬೋಳಾಗಿದ್ದಳು.

ಚೈತ್ರಾ ಓಡೋಡಿ ಬಂದಳು. "ಅಕ್ಕಾರ, ನೀವ ಮಾಡಿದ ಯಂತ್ರ, ನೀವ ಹೇಳ್ರಿ. ಖರೇ ಏನ್ರಿ ಇದು?"

ಹೈಮಾ ಅತ್ತೆಯ ಮುಖ ನೋಡಿದಳು. ಅತ್ತೆ ದಾರ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮುಚ್ಚಿದ್ರ ಒಳ್ಳೇದು" ಎಂದಳು ಹೈಮಾ.

ಸುಳ್ಳಲ್ಲ. ನಿಜವೂ ಅಲ್ಲ. ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಅಲ್ಲೇ ಉಳಿಯಿತು. ಇಷ್ಟು ವರ್ಷ ಕಷ್ಟಪಟ್ಟು ತಿಳಿದುಕೊಂಡದ್ದನ್ನು ಮನೆಮನೆಗೆ ಹೊತ್ತು ತಿರುಗಿದರೆ ಒಂದು ಮುಚ್ಚಳವೂ ಬೀಳಲಿಲ್ಲ. ಒಂದು ಉದುರುವ ಹುಬ್ಬಿಗೆ ಇಡೀ ಊರು ಮುಚ್ಚಿಕೊಳ್ಳುತ್ತದೆ. ಗೆದ್ದೆ ಅನ್ನಬೇಕೋ ಸೋತೆ ಅನ್ನಬೇಕೋ?

ಗ್ರಹಣದ ದಿನ ಊಟ-ನೀರು ಬಿಡುವ ವೇಧಕಾಲ ಹಿಡಿಯುವ ಮೊದಲೇ, ಬೆಳಗ್ಗೆಯೇ, ಊರ ಗಿಂಡಿಗಳಿಗೆಲ್ಲ ಮುಚ್ಚಳ ಬಿತ್ತು. ಮುಚ್ಚಳ ಕಳೆದುಕೊಂಡವರು ತಟ್ಟೆ ಮುಚ್ಚಿ ಮೇಲೆ ಗುಂಡುಕಲ್ಲು ಹೇರಿದರು. ಅನ್ನ-ನೀರಿನ ಮೇಲೆ ಇಟ್ಟಂತೆ ಗಿಂಡಿಯ ಮೇಲೂ ಗರಿಕೆ ಇಟ್ಟರು. ಹೊತ್ತು ಇಳಿಯಿತು. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಪೂರ್ವದಲ್ಲಿ ತಾಮ್ರದ ತಟ್ಟೆಯಂಥ ಚಂದ್ರ ಮೇಲೆದ್ದ.

ಮೊದಲು ತಲೆ ಎತ್ತಿದವಳು ಸಿಂಚನಾ. "ಅಜ್ಜಿ, ಏನೋ ವಾಸನಿ ಬರಾಕತ್ತೈತಿ."

ಬಾಗಿಲ ಸಂದಿಯಿಂದ, ಕಿಟಕಿಯ ಬಿರುಕಿನಿಂದ ಅದು ಒಳಗೆ ಬರುತ್ತಿತ್ತು. ಎಣ್ಣೆಯ ಮಲ್ಲಿಗೆಯ ಹಾಗೆ ಬರೀ ಸಿಹಿಯಲ್ಲ. ತಣ್ಣಗೆ, ಹಸಿಯಾಗಿ, ಅಡಿಯಲ್ಲಿ ಎಲ್ಲೋ ದನದ ಕೊಟ್ಟಿಗೆಯ ನೆನಪಿನಂಥದ್ದು. ಜೀವಂತ ಮಲ್ಲಿಗೆಯಲ್ಲಿ ಇಂಡೋಲ್ ಎಂಬ ವಸ್ತು ಎಳ್ಳಷ್ಟು ಇರುತ್ತದೆ. ಅದೊಂದನ್ನೇ ಮೂಸಿದರೆ ಮೂಗು ಮುಚ್ಚಿಕೊಳ್ಳಬೇಕು, ಅದಿಲ್ಲದಿದ್ದರೆ ಹೂ ಹೂವಾಗಿರುವುದಿಲ್ಲ. ಕೊಳ್ಳುವವರು ಬೇಡವೆಂದರೆಂದು ಹೈಮಾಳೇ ಗಿಂಡಿಯ ಮೂತಿಗೆ ಶೋಧಕ ಹಾಕಿ ಅದನ್ನು ಸೋಸಿ ಹಾಕಿದ್ದಳು. ಊರಿನ ಎಳೆಯರು ಅದನ್ನು ಮೂಸಿಯೇ ಇರಲಿಲ್ಲ.

"ಅವ್ವಾ, ವಾಂತಿ ಬರಾಕತ್ತೈತಿ!" ಎದುರುಮನೆಯಿಂದ ಚೈತ್ರಾಳ ಮಗಳು ಕಿರುಚಿದಳು.

"ಗ್ರಹಣದ ಗಾಳಿ!" ಯಾರೋ ಕೂಗಿದರು. "ವಿಷದ ಗಾಳಿ ಬಂತು!"

ಬಾಗಿಲುಗಳು ದಡದಡ ತೆರೆದವು. ಮೂಗಿಗೆ ಸೆರಗು, ಟವೆಲು ಒತ್ತಿಕೊಂಡು ಜನ ಬೀದಿಗೆ ಬಂದರು. ಪ್ರವೀಣನ ದನಿ ಎಲ್ಲರ ಮೇಲೆ ಕೇಳಿಸಿತು: "ಗಿಂಡಿ ಬಾಯಿ ತಗೀರಿ! ಕುಡದುಬಿಡ್ಲಿ! ಆ ಎಣ್ಣಿ ಹೊಳಿಗೆ ಚೆಲ್ಲಿದ್ರಾತು!"

ಹೈಮಾ ಒಂದು ಕ್ಷಣ ನಿಂತಳು. ಸುಮ್ಮನೆ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕಷ್ಟು ಹೂ ಕಿತ್ತುಕೊಂಡರೆ ಸೀಸೆಯ ತಳಕ್ಕಾದರೂ ಆಗುತ್ತಿತ್ತು. ಅವಳು ಬೀದಿಗೆ ಓಡಿದಳು.

"ತಗೀಬ್ಯಾಡ್ರಿ! ವಿಷ ಅಲ್ಲ ಇದು. ಮಲ್ಲಿಗಿ! ನಮ್ಮ ಊರ ಮಲ್ಲಿಗಿ! ಕೂದಲಾ ಉದುರೂ ಮಾತು ಸುಳ್ಳು. ಸುಳ್ಳು ಅಂತ ಗೊತ್ತಿದ್ದೂ ನಾ ಬಾಯಿ ಮುಚಗೊಂಡು ಕುಂತೆ."

ಗದ್ದಲ ತಣ್ಣಗಾಯಿತು. ಆಮೇಲೆ ಚೈತ್ರಾ ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. "ಹಂಗಾರ ಊರಿಗೆಲ್ಲಾ ಮುಚ್ಚಿಸಿ ನೀವೊಬ್ಬರ ತುಂಬಿಸಿಕೊಳ್ಳಾಕ ಈ ಆಟ? ನಾ ಮನಿಗೆ ಬಂದು ಕೇಳಿದೆನಲ್ರಿ ಅಕ್ಕಾರ! ನಿಮ್ಮನ್ನ ನಂಬಿ ಕೇಳಿದೆ."

ಹೈಮಾ ಒಳಗೆ ಹೋಗಿ ಅತ್ತೆಯ ಗಿಂಡಿ ತಂದಳು. ಮೂತಿಯ ಶೋಧಕವನ್ನು ಎಲ್ಲರೆದುರು ಕಿತ್ತು, ಮುಚ್ಚಳ ಹಾಕಿದ್ದ ಗಿಂಡಿಯನ್ನು ಚೈತ್ರಾಳ ಕೈಗಿಟ್ಟಳು. "ನೀನ ಹಿಡಕೋ. ನಮ್ಮ ಕಂಟಿ ಹೂ ಬಿಡಿಸಿ ನಿನ್ನ ಕಣ್ಣ ಮುಂದ ಹಾಕತೀವಿ. ಮುಚ್ಚಳ ನಿನ್ನ ಕೈಯಾಗಿರಲಿ. ಬ್ಯಾರೆ ಗಾ‌ಳಿ ಒಂದು ಗುಟುಕೂ ಬ್ಯಾಡ."

ಖಾಜಾಸಾಬ ಕೋಲೂರಿಕೊಂಡು ಬೀದಿಯ ನಡುವೆ ಬಂದು ನಿಂತಿದ್ದ. ಕಣ್ಣು ಮುಚ್ಚಿ ಉಸಿರೆಳೆದ, ಬಿಟ್ಟ. ಮತ್ತೆ ಎಳೆದ. "ಯಾ ಅಲ್ಲಾ" ಎಂದ. ಅಷ್ಟೇ ಅಂದ. ವಯಸ್ಸಾದ ಇನ್ನಿಬ್ಬರು ಮೂಗಿನ ಸೆರಗು ಇಳಿಸಿದರು.

ದಾಕ್ಷಾಯಣತ್ತೆ ಹಿತ್ತಲಿಗೆ ಹೋದಳು. ಗ್ರಹಣ ಹಿಡಿದಿರುವಾಗ ಹೂ ಮುಟ್ಟಬಾರದು, ಮುಟ್ಟಿದಳು. ಮಡಿಬಟ್ಟೆ ಕಟ್ಟಿಕೊಂಡಿರಲಿಲ್ಲ. ಒಂದೊಂದು ಹೂವನ್ನೂ ಮೂಗಿಗೆ ಹಿಡಿದೇ ಮಡಿಲಿಗೆ ಹಾಕಿಕೊಂಡಳು. "ದೇವರಿಗಲ್ಲಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಚೈತ್ರಾ ಗಿಂಡಿ ಹಿಡಿದು ಬಿಗಿದ ಮುಖದಲ್ಲಿ ನಿಂತಿದ್ದಳು. ಒಂದೊಂದು ಬೊಗಸೆ ಬಂದಾಗಲೂ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು.

ಅರ್ಧ ಬಿಡಿಸಿದ್ದರು. ಕೆರೆಯ ಕಡೆಯಿಂದ ಪರಿಮಳ ತೆಳ್ಳಗಾಗತೊಡಗಿತು. ದೀಪದ ಬತ್ತಿ ಯಾರೋ ಇಳಿಸಿದಂತೆ. ಹೈಮಾಳ ಕೈ ನಿಂತಿತು.

"ಯಾರ್ರೀ ಅವರು ತಗದಾವ್ರು?" ಚೈತ್ರಾ ಗಿಂಡಿಯನ್ನು ಕಂಕುಳಿಗೇರಿಸಿ ಬೇಲಿಯ ಮೇಲಿಂದ ಒದರಿದಳು. "ಕೆರಿ ಓಣ್ಯಾವ್ರು! ಮುಚ್ರಿ ಬಾಯಿ! ಗಿಂಡೀದು ಮುಚ್ರಿ!"

ಮುಚ್ಚಿದರೋ ಇಲ್ಲವೋ, ಪರಿಮಳ ಮತ್ತೆ ಸ್ವಲ್ಪ ದಪ್ಪವಾಯಿತು, ಮೊದಲಿನಷ್ಟು ಆಗಲಿಲ್ಲ. ಹಿಂದೆಲ್ಲ ಮಲ್ಲಿಗೆ ಬಿರಿದ ಸಂಜೆ ಕಂಟಿಯ ಸುತ್ತ ದೊಡ್ಡ ಕಂದು ಪತಂಗಗಳು ಸುಳಿಯುತ್ತಿದ್ದವು. ಹೈಮಾ ಕತ್ತೆತ್ತಿ ಕಾದಳು. ಒಂದೂ ಬರಲಿಲ್ಲ. ಕರೆಯುವವರು ಇಷ್ಟು ವರ್ಷ ಸುಮ್ಮನಿದ್ದರೆ ಒಂದು ಸಂಜೆಯ ಕರೆಗೆ ಯಾರು ಬಂದಾರು?

ಬೆಳಗ್ಗೆ ಗುಂಡಿ ಒತ್ತಿದಾಗ ಬಿದ್ದ ಎಣ್ಣೆ ಸೀಸೆಯ ತಳ ಮುಚ್ಚಿತು, ಅಷ್ಟೇ. ಊರ ಗಿಂಡಿಗಳಲ್ಲಿ ಕೆಲವು ಮುಚ್ಚಿಯೇ ಉಳಿದಿದ್ದವು; ಬಹಳಷ್ಟು ಮತ್ತೆ ತೆರೆದುಕೊಂಡಿದ್ದವು. ಪ್ರವೀಣ ಕಂಬ ನೆಟ್ಟು ಮುಗಿಸಿದ್ದ, ಗಿಂಡಿ ಕಟ್ಟಿರಲಿಲ್ಲ. ಹೈಮಾ ಧಾರವಾಡಕ್ಕೆ ಹೊರಡುವುದನ್ನು ಮುಂದೂಡಿ, ದಿನಾ ಸಂಜೆ ಒಂದೊಂದು ಮನೆಯ ಕಟ್ಟೆಯ ಮೇಲೆ ಕೂತು ಅದೇ ಅಣುಗಳ ಕತೆಯನ್ನು ಮತ್ತೆ ಮೊದಲಿಂದ ಹೇಳತೊಡಗಿದ್ದಳು. ಕೆಲವರು ಕೇಳುತ್ತಿದ್ದರು. ಕೆಲವರು ಹುಬ್ಬು ಸವರಿಕೊಂಡು ನಗುತ್ತಿದ್ದರು.

ಅರಿಷಿಣದ ದಿನ ಸಿಂಚನಾಳನ್ನು ಮಣೆಯ ಮೇಲೆ ಕೂರಿಸಿದರು. ಮುತ್ತೈದೆಯರು ಹಾಡಿದರು. ಅತ್ತೆ ಹೈಮಾಳ ಕೈಯಿಂದ ಸೀಸೆ ಇಸಿದುಕೊಂಡು, ಎಳ್ಳೆಣ್ಣೆಯ ಬಟ್ಟಲಿಗೆ ಬಗ್ಗಿಸಿ, ಬೆರಳಿನಿಂದ ಕಲೆಸಿ, ಮೊಮ್ಮಗಳ ನೆತ್ತಿಗೆ, ಹೆಗಲಿಗೆ, ಮುಂಗೈಗೆ ಹಚ್ಚಿದಳು. ಪರಿಮಳ ಪಡಸಾಲೆ ತುಂಬಿತು. ಹಾಡುತ್ತಿದ್ದವರ ಹಾಡು ಒಂದು ಸಾಲು ತಪ್ಪಿತು.

ಸಿಂಚನಾ ತನ್ನ ಮುಂಗೈಯನ್ನು ತಾನೇ ಮೂಸಿಕೊಂಡಳು. "ಅಜ್ಜಿ, ನೀನು ಮದಲಗಿತ್ತಿ ಆಗಿದ್ದಾಗ ನಿನಗೂ ಇದನ್ನ ಹಚ್ಚಿದ್ರೇನು?"

"ನನಗ್ಯಾರು ಹಚ್ಚತಾರ? ಆವಾಗ ಮಂದಿಗೆ ಮೊಬೈಲ್ ಹಿಡಕೊಂಡು ಫೋಟೋ ತಗಿಯೂದಾ ಆಗಿತ್ತು" ಎಂದಳು ಅತ್ತೆ, ಬಟ್ಟಲನ್ನು ಬೆರಳಿನಿಂದ ಒರೆಸುತ್ತ. "ಹಚ್ಚೂದಾದ್ರೂ ಯಾಕ? ಊರು ತುಂಬಾ ಇದಾ ಇರ್ತಿತ್ತು. ಕದಾ ತಗದ್ರ ಇದಾ. ಯಾರೂ ಅದನ್ನ ವಾಸನಿ ಅಂತ ಅಂದದ್ದ ಇಲ್ಲ. ಗಾಳಿ ಅಂತಿದ್ವಿ."

ಕೊನೆಯ ಹನಿಯನ್ನು ಅವಳು ಮದುಮಗಳ ಗಲ್ಲಕ್ಕೆ ಹಚ್ಚಿ, ಖಾಲಿ ಬಟ್ಟಲನ್ನು ಹೈಮಾಳ ಕಡೆ ವಾಲಿಸಿ ತೋರಿಸಿ, ಮಣೆಯ ಪಕ್ಕ ಬೋರಲು ಹಾಕಿದಳು.